ಒಣ ಸೌದೆ ಅಂತ ಕೊಡ್ತಾರೆ, ಒಲೆಗೆ ಹಾಕಿದ್ರೆ ನೊರೆ ಬರುತ್ತೆ: ಕಡಿಮೆ ಖರ್ಚಲ್ಲಿ ನಿಜವಾಗಿ ಒಣಗಿದ್ದು ಸಿಗೋದು ಹೇಗೆ?

ಒಲೆಮುಂದೆ
ಮನೆ ಬೆಚ್ಚಗಿರಲಿ ಅಂತ ಗಾಜಿನ ಬಾಗಿಲಿನ ಕಬ್ಬಿಣದ ಸೌದೆ ಒಲೆ ಇಟ್ಟಿದ್ದೀವಿ. ಒಲೆ ಬಗ್ಗೆ ದೂರಿಲ್ಲ, ತಲೆನೋವೆಲ್ಲ ಸೌದೆಯದ್ದು. "ಚೆನ್ನಾಗಿ ಒಣಗಿದೆ, ಇವತ್ತೇ ಉರಿಸಬಹುದು" ಅಂತ ಹೇಳಿ ಒಂದು ಲೋಡು ಇಳಿಸಿ ಹೋದರು. ಒಲೆಗೆ ಹಾಕಿದರೆ ತುಂಡಿನ ಎರಡೂ ತುದಿಯಲ್ಲಿ ಬುಸುಬುಸು ನೊರೆ, ಸುಯ್ ಅಂತ ಸದ್ದು. ಗಾಳಿಕಿಂಡಿ ಪೂರ್ತಿ ತೆಗೆದಿಟ್ಟರೂ ಉರಿ ಮೇಲೇಳಲ್ಲ. ಸಂಜೆ ಒರೆಸಿದ ಗಾಜು ಮಲಗೋ ಹೊತ್ತಿಗೆ ಕಪ್ಪು. ಕೇಳಿದರೆ "ಮೇಲ್ಮೇಲೆ ಮಾತ್ರ ತೇವ, ಒಳಗೆ ಒಣಗಿದೆ" ಅಂತಾರೆ.

ಯಂತ್ರದಲ್ಲಿ ಒಣಗಿಸಿದ ಸೌದೆ ಸಿಗುತ್ತೆ, ಆದರೆ ಅದರ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಲೋಡು ಇಳಿಸೋ ಮುಂಚೆಯೇ ಒಣಗಿದೆಯೋ ಇಲ್ಲವೋ ಗೊತ್ತು ಮಾಡಿಕೊಳ್ಳೋದು ಹೇಗೆ? ತೂಕಕ್ಕೆ ತಗೊಳ್ಳೋದು ಒಳ್ಳೇದಾ, ಅಳತೆಗಾ? ಕೈಗೆಟುಕೋ ಬೆಲೆಯಲ್ಲಿ ನೀವೆಲ್ಲ ಹೇಗೆ ಹೊಂದಿಸ್ತೀರಿ?

ಅಳತೆಗೋಲು
ಈ ಲೋಡು ತೂಕಕ್ಕೆ ಕೊಂಡಿದ್ದಾ?

ಒಲೆಮುಂದೆ
ಹೌದು ಸರ್, ತೂಕಕ್ಕೆ.

ಅಳತೆಗೋಲು
ಅಲ್ಲೇ ಇರೋದು ವಿಷಯ. ಹಸಿ ಸೌದೆಯನ್ನ ತೂಕಕ್ಕೆ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಆಗ ತಾನೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಅಂದರೆ ಒಂದು ಟನ್ನು ಹಸಿ ಸೌದೆಯಲ್ಲಿ ಉರಿಯೋ ಮರ 500 ಕೆಜಿ. ತೇವ 20%ಕ್ಕೆ ಇಳಿದ ಒಂದು ಟನ್ನಿನಲ್ಲಿ 800 ಕೆಜಿ. ಹಾಗಾಗಿ ಒಣ ಸೌದೆಗೆ ಒಂದೂವರೆ ಪಟ್ಟು ಬೆಲೆ ಹೇಳಿದರೂ ಲೆಕ್ಕದಲ್ಲಿ ಅದೇ ಅಗ್ಗ.

ಇಷ್ಟಕ್ಕೇ ಮುಗಿಯಲ್ಲ. ಆ ನೀರನ್ನ ಆವಿ ಮಾಡೋ ಶಾಖವೂ ಅದೇ ಸೌದೆಯಿಂದ ಬರಬೇಕು. ಅರ್ಧ ನೀರಿರೋ ಒಂದು ಕೆಜಿ ಸೌದೆಯಿಂದ ಸಿಗೋದು ಸುಮಾರು 8 ಮೆಗಾಜೂಲ್, 20% ತೇವ ಇರೋದರಿಂದ 14ರ ಮೇಲೆ. ಇದು ಲೆಕ್ಕದ ಮಾತಾಯ್ತು. ಹಸಿ ಸೌದೆ ಒಲೆಯಲ್ಲಿ ಪೂರ್ತಿ ಉರಿಯದೆ ಅರ್ಧ ಹೊಗೆಯಾಗಿ ಹೋಗುತ್ತೆ, ಅದರಿಂದ ನಿಜವಾಗಿ ಸಿಗೋದು ಇನ್ನೂ ಕಡಿಮೆ.

ವ್ಯಾಪಾರಿ ಹೇಳಿದ್ದು ತದ್ವಿರುದ್ಧ. ಮರ ಹೊರಗಿನಿಂದ ಒಣಗುತ್ತೆ, ಕೊನೆಗೆ ಒಣಗೋದು ನಡುಭಾಗ.

ಗರಗಸ
ಅದಕ್ಕೇ ಯಾವಾಗಲೂ ಅಳತೆಗೆ ಕೊಳ್ಳಬೇಕು. ತೂಕದ ಮಾತೇ ಬೇಡ.

ಅಳತೆಗೋಲು
ಅಳತೆಯಲ್ಲೂ ಮೋಸ ಹೋಗೋ ದಾರಿ ಇದೆ ಗರಗಸ ಅವರೇ. ಗಾಡಿಗೆ ಹೇಗೆ ಬಂತೋ ಹಾಗೆ ಎಸೆದು ತುಂಬಿದ ಒಂದು ಘನ ಮೀಟರ್, ನೀಟಾಗಿ ಒಟ್ಟಿದರೆ ಸುಮಾರು ಮೂರನೇ ಎರಡು ಪಾಲಿಗೆ ಇಳಿಯುತ್ತೆ. ಒಟ್ಟಿದ ಮೇಲೂ ಅದರಲ್ಲಿ ಮೂರನೇ ಒಂದು ಪಾಲು ಗಾಳಿಯೇ. ಹಾಗಾಗಿ "ಒಂದು ಘನ ಮೀಟರ್" ಅಂದ ಕೂಡಲೇ ಕೇಳಬೇಕಾದ್ದು: ಎಸೆದಿದ್ದಾ, ಒಟ್ಟಿದ್ದಾ? "ಒಂದು ಲೋಡು" ಅನ್ನೋದಂತೂ ಅಳತೆಯೇ ಅಲ್ಲ, ಗಾಡಿ ಎಷ್ಟು ದೊಡ್ಡದೋ ಲೋಡು ಅಷ್ಟು. ನಾನಂತೂ ಒಟ್ಟಿದ ಅಳತೆಗೇ ಮಾತಾಡ್ತೀನಿ. ಉದ್ದ, ಅಗಲ, ಎತ್ತರ ಟೇಪು ಹಿಡಿದು ನೋಡಿದ ಮೇಲೇ ದುಡ್ಡು.

ಸೀಳುಬೆಣೆ
ಒಣಗಿದೆಯೋ ಇಲ್ಲವೋ ಅನ್ನೋದಕ್ಕೆ: ಗಾಡಿ ಮೇಲಿನ ತುಂಡು ಮುಟ್ಟಬೇಡಿ, ಅವು ಬಿಸಿಲಿಗೆ ಬಿದ್ದಿರುತ್ತವೆ. ನಡುವಿನಿಂದ, ತಳದಿಂದ ದಪ್ಪನೆಯವು ಎಳೆದು ತೆಗೀರಿ. ಎರಡು ತುಂಡನ್ನ ಒಂದಕ್ಕೊಂದು ಬಡೀರಿ. ಒಣಗಿದ್ದು ಟಣ್ ಅನ್ನುತ್ತೆ, ಹಸಿ ಇದ್ದರೆ ದಬ್ ಅಂತ ಮಂದ ಸದ್ದು. ತೊಗಟೆಗೆ ಉಗುರು ಹಾಕಿ ಎಬ್ಬಿಸಿ: ಅಂಟಿಕೊಂಡೇ ಇದ್ದು ಅಡಿಯಲ್ಲಿ ಹಸಿರು ಕಂಡರೆ ಮುಂದಕ್ಕೆ ನೋಡೋದೇ ಬೇಡ. ಆಮೇಲೆ ಅಲ್ಲೇ ಒಂದನ್ನ ಸೀಳಿಸಿ, ಸೀಳಿದ ಮೈಯನ್ನ ಕೆನ್ನೆಗೆ ಒತ್ತಿ ಹಿಡೀರಿ. ಹಸಿ ಇದ್ದರೆ ತಣ್ಣಗೆ ಅಂಟುತ್ತೆ. ಕೈ ಒರಟಾದವರಿಗೆ ಕೈಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತೆ.

ಗರಗಸ
ಇಷ್ಟೆಲ್ಲ ಯಾಕೆ? ತುದಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿದೆಯಾ ನೋಡಿದರೆ ಸಾಕು.

ಸೀಳುಬೆಣೆ
ಸಾಕಾಗಲ್ಲಣ್ಣ. ಮರದ ನೀರು ಅಡ್ಡಮೈಯಿಂದ ಹೋಗೋದಕ್ಕಿಂತ ಎಷ್ಟೋ ಪಟ್ಟು ಬೇಗ ಕೊಯ್ದ ತುದಿಯಿಂದ ಹೋಗುತ್ತೆ. ತುದಿ ಬಿರುಕು ಬಿಟ್ಟಿರುತ್ತೆ, ನಡುವೆ ಒದ್ದೆ ಹಾಗೇ ಇರುತ್ತೆ. ಬಿರುಕು ಇಲ್ಲದಿದ್ದರೆ ಹಸಿ ಇರಬಹುದು ಅಂತ ಅನುಮಾನಪಡಿ, ಆದರೆ ಬಿರುಕು ಇದೆ ಅಂತ ಒಣಗಿದೆ ಅಂದುಕೊಳ್ಳಬೇಡಿ.

ಪುಳ್ಳೆ
ಒಂದು ತುದಿಗೆ ಪಾತ್ರೆ ತೊಳೆಯೋ ಸೋಪು ಬಳಿದು ಇನ್ನೊಂದು ತುದಿಯಿಂದ ಊದಿ, ಗುಳ್ಳೆ ಬಂದರೆ ಒಣಗಿದೆ ಅಂತ ಒಂದು ವಿಡಿಯೊದಲ್ಲಿ ನೋಡಿದ್ದೆ.

ಸೀಳುಬೆಣೆ
ಅದು ಮರದ ರಂಧ್ರ ಎಷ್ಟು ದೊಡ್ಡದು ಅಂತ ತೋರಿಸುತ್ತೆ ಅಷ್ಟೆ. ಕೆಲವು ಜಾತಿಯಲ್ಲಿ ಹಸಿ ಇದ್ದಾಗಲೂ ಗುಳ್ಳೆ ಬರುತ್ತೆ, ಕೆಲವಲ್ಲಿ ಪೂರ್ತಿ ಒಣಗಿದರೂ ಬರಲ್ಲ.

ತಕ್ಕಡಿ
ಊದೋದು, ಬಡಿಯೋದು ಬಿಟ್ಟು ಒಂದು ತೇವದ ಮೀಟರ್ ಕೊಂಡುಕೊಳ್ಳಿ. ಎರಡು ಮುಳ್ಳು ಇರೋ ಸಾಧಾರಣ ಮೀಟರ್ ಸಾಕು, ಒಂದು ಕೆಟ್ಟ ಲೋಡು ತಪ್ಪಿಸಿದರೂ ಅದರ ಬೆಲೆ ಹುಟ್ಟಿತು. ತುದಿಗೆ ಚುಚ್ಚಬೇಡಿ. ತುಂಡನ್ನ ಆಗಲೇ ಸೀಳಿಸಿ, ಹೊಸ ಮೈಯ ನಡುವಿಗೆ, ಎರಡೂ ಮುಳ್ಳು ನಾರಿನ ಗುಂಟ ಬರೋ ಹಾಗೆ ಒತ್ತಿ ಚುಚ್ಚಿ. ಹಲವು ತುಂಡು ನೋಡಿ.

ಇನ್ನೊಂದು ಮುಖ್ಯ ವಿಷಯ, ಇದರಲ್ಲೇ ಜಗಳ ಆಗೋದು. ತೇವದ ಶೇಕಡಾ ಲೆಕ್ಕ ಎರಡು ಥರ. ಒಂದು, ನೀರನ್ನ ಒಟ್ಟು ತೂಕಕ್ಕೆ ಹೋಲಿಸೋದು. ಇನ್ನೊಂದು, ನೀರನ್ನ ಬರೀ ಒಣ ಮರದ ತೂಕಕ್ಕೆ ಹೋಲಿಸೋದು. ಒಂದು ಕೆಜಿ ಸೌದೆಯಲ್ಲಿ 200 ಗ್ರಾಂ ನೀರಿದ್ದರೆ ಮೊದಲ ಲೆಕ್ಕದಲ್ಲಿ 20%, ಎರಡನೇ ಲೆಕ್ಕದಲ್ಲಿ 25%. ಮುಳ್ಳಿನ ಮೀಟರುಗಳು ಸಾಮಾನ್ಯವಾಗಿ ತೋರಿಸೋದು ಎರಡನೇದನ್ನ. ಮೀಟರ್ 23 ತೋರಿಸಿತು ಅಂತ ಒಳ್ಳೆ ಸೌದೆಯನ್ನ ವಾಪಸ್ ಕಳಿಸಬೇಡಿ.

ಗರಗಸ
ನಮ್ಮ ಬಾವನ ಮೀಟರ್ ಒಂದೇ ತುಂಡಲ್ಲಿ ಒಮ್ಮೆ 38, ಒಮ್ಮೆ 46, ಒಮ್ಮೆ 33 ತೋರಿಸುತ್ತೆ. ಇದನ್ನ ನಂಬೋದಾ?

ತಕ್ಕಡಿ
30ರ ಆಸುಪಾಸು ದಾಟಿದ ಮೇಲೆ ಮುಳ್ಳಿನ ಮೀಟರ್ ಸರಿಯಾಗಿ ಹೇಳಲ್ಲ. ಸುಮಾರು 30%ವರೆಗಿನ ನೀರು ಮರದ ನಾರಿಗೇ ಹಿಡಿದುಕೊಂಡಿರುತ್ತೆ, ಅದಕ್ಕಿಂತ ಮೇಲಿನದು ಕೋಶದ ಟೊಳ್ಳಿನಲ್ಲಿ ಸುಮ್ಮನೆ ತುಂಬಿಕೊಂಡಿರೋ ನೀರು. ಮೀಟರಿಗೆ ಸರಿಯಾಗಿ ಸಿಗೋದು ಮೊದಲನೇದು. 33 ಇರಲಿ 46 ಇರಲಿ, ನಿಮ್ಮ ಬಾವನವರ ಸೌದೆ ಈ ವರ್ಷ ಒಲೆಗೆ ಆಗಲ್ಲ. ಅಷ್ಟು ಗೊತ್ತಾದರೆ ಸಾಕಲ್ಲ?

ಮೀಟರ್ ಬೇಡ ಅನ್ನೋರು ಒಂದು ತುಂಡಿನ ನಡುವಿನಿಂದ ತೆಳ್ಳಗೆ ಬಿಲ್ಲೆ ಕೊಯ್ದು ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಓವನ್ನಿನಲ್ಲಿ 100 ಡಿಗ್ರಿಗಿಂತ ಒಂಚೂರು ಮೇಲಿಟ್ಟು, ತೂಕ ಇನ್ನು ಇಳಿಯಲ್ಲ ಅನ್ನೋವರೆಗೆ ಒಣಗಿಸಿ. ಇಳಿದಷ್ಟೂ ನೀರು. ಮುಂದೆಯೇ ನಿಂತಿರಿ, ಓವನ್ನಿನಲ್ಲಿ ಬಿಟ್ಟು ಹೊರಗೆ ಹೋಗಬೇಡಿ.

ಹೊಗೆಗೂಡು
ಎಲ್ಲರೂ ದುಡ್ಡಿನ ಮಾತಾಡ್ತಿದ್ದೀರಿ. ನಾನು ಚಿಮಣಿ ಸ್ವಚ್ಛ ಮಾಡೋ ಕೆಲಸದವನು, ನನ್ನ ಮಾತೂ ಕೇಳಿ. ಹಸಿ ಸೌದೆಯ ಹೊಗೆ ತಣ್ಣಗಿರುತ್ತೆ, ಅದರ ತುಂಬ ಆವಿ, ಉರಿಯದ ಡಾಂಬರಿನಂಥ ವಸ್ತು. ಕೊಳವೆಯ ಒಳಮೈ ತಣ್ಣಗಿದ್ದಷ್ಟೂ ಅದು ಅಲ್ಲೇ ಹಿಡಿಯುತ್ತೆ. ಮೊದಲು ಪುಡಿ ಮಸಿ, ಬ್ರಷ್ಷಿಗೆ ಉದುರುತ್ತೆ. ಆಮೇಲೆ ಹಪ್ಪಳೆ ಹಪ್ಪಳೆ. ಕೊನೆಗೆ ಗಾಜಿನ ಹಾಗೆ ಮಿರಮಿರ ಮಿಂಚೋ ಕಪ್ಪು ಪದರ. ಅದಕ್ಕೆ ಬ್ರಷ್ಷು ತಾಕಿಸಿದರೆ ಜಾರಿ ಬರುತ್ತೆ, ಒಂದು ಚೂರೂ ಏಳಲ್ಲ. ಅದಕ್ಕೆ ಒಂದು ದಿನ ಬೆಂಕಿ ಹಿಡಿದರೆ ಕೊಳವೆಯೊಳಗೆ 1000 ಡಿಗ್ರಿ ದಾಟುತ್ತೆ. ಗುಂಯ್ ಅಂತ ದೊಡ್ಡ ಸದ್ದು ಬರುತ್ತೆ, ಕೇಳಿದವರು ಮರೆಯಲ್ಲ. ಹಾಗಾದರೆ ಒಲೆಯ ಗಾಳಿಕಿಂಡಿ ಎಲ್ಲಾ ಮುಚ್ಚಿ, ಮನೆಯವರನ್ನ ಹೊರಗೆ ಕಳಿಸಿ, ಅಗ್ನಿಶಾಮಕದವರಿಗೆ ಫೋನು ಮಾಡಿ. ನೀರು ಸುರಿಯಬೇಡಿ.

ಒಲೆಮುಂದೆ ಅವರೇ, ಗಾಜು ದಿನಾ ಕಪ್ಪಾಗ್ತಿದೆ ಅಂದ್ರಲ್ಲ, ಚಿಮಣಿಯ ಒಳಗೂ ಅದೇ ಆಗ್ತಿದೆ. ಆ ಸೌದೆ ಉರಿಸೋದು ಇವತ್ತೇ ನಿಲ್ಲಿಸಿ, ಕೊಳವೆ ಒಮ್ಮೆ ನೋಡಿಸಿ.

ಪುಳ್ಳೆ
ಪೈನ್ ಥರದ ಅಂಟು ಮರ ಉರಿಸಿದರೆ ಮಾತ್ರ ಹಾಗಾಗೋದು ಅಲ್ವಾ? ಗಟ್ಟಿ ಮರ ಆದರೆ ಭಯ ಇಲ್ಲ ಅಂತ ಕೇಳಿದ್ದೆ.

ಹೊಗೆಗೂಡು
ಇಲ್ಲ ಮೇಡಂ. ಒಣಗಿದ ಪೈನ್ ಜೋರಾಗಿ ಉರಿಸಿದ ಮನೆಯ ಕೊಳವೆ ನೋಡಿದ್ದೀನಿ, ಸ್ವಲ್ಪ ಬೂದು ಪುಡಿ ಬಿಟ್ಟರೆ ಏನೂ ಇಲ್ಲ. ಒಳ್ಳೆ ಗಟ್ಟಿ ಮರವನ್ನೇ ಹಸಿಯಾಗಿ, ರಾತ್ರಿಯೆಲ್ಲ ಗಾಳಿ ಬಿಗಿದು ಹೊಗೆಯಾಡಿಸಿದ ಮನೆಯ ಕೊಳವೆ ಮುಕ್ಕಾಲು ಮುಚ್ಚಿಹೋಗಿದ್ದೂ ನೋಡಿದ್ದೀನಿ. ಕಾರಣ ನೀರು ಮತ್ತು ಮಂದ ಉರಿ. ಜಾತಿ ಅಲ್ಲ.

ಕೊಡಲಿಕಾವು
ಜಾತಿ ಮಾತು ಬಂತಲ್ಲ, ದುಡ್ಡು ಉಳಿಯೋ ಜಾಗ ಅದೇ. ಕೆಜಿ ಲೆಕ್ಕದಲ್ಲಿ ನೋಡಿದರೆ ಮೆದು ಮರ, ಗಟ್ಟಿ ಮರ ಎರಡರಲ್ಲೂ ಶಾಖ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರೋದು ಗಾತ್ರದಲ್ಲಿ. ಸರ್ವೆಯಂಥ ಭಾರದ ಮರ ಒಂದು ಘನ ಮೀಟರಿನಲ್ಲಿ ಹೆಚ್ಚು ತೂಗುತ್ತೆ, ಕೆಂಡ ಹೆಚ್ಚು ಹೊತ್ತು ನಿಲ್ಲುತ್ತೆ. ಹಗುರ ಮರ ಬೇಗ ಹೊತ್ತಿ ಬೇಗ ಮುಗಿಯುತ್ತೆ, ಆದರೆ ಬೇಗ ಒಣಗುತ್ತೆ ಕೂಡ. ಎಲ್ಲರೂ ಗಟ್ಟಿ ಮರ ಕೇಳೋದರಿಂದ ಮೆದು ಮರದ ಬೆಲೆ ಇಳಿದಿರುತ್ತೆ. ಅಳತೆಗೆ ಕೊಳ್ಳೋದಾದರೆ ಭಾರದ ಮರ ಕೇಳಿ, ತೂಕಕ್ಕೆ ಕೊಳ್ಳೋದಾದರೆ ಜಾತಿ ಬಿಡಿ, ಒಣಗಿದ್ದು ಕೇಳಿ.

ಬೂದಿಬುಟ್ಟಿ
ನಾನು ಹೇಳೋದು ಇನ್ನೂ ಸರಳ. ಒಣ ಸೌದೆ ಕೊಳ್ಳೋದೇ ಬೇಡ. ಹಸಿಯದ್ದನ್ನ ಅಗ್ಗಕ್ಕೆ ಕೊಂಡು ನಾವೇ ಒಣಗಿಸಿಕೊಳ್ಳೋದು. ಚಳಿ ಮುಗಿದ ಕೂಡಲೇ ಕೊಳ್ಳೋರು ಇರಲ್ಲ, ಆಗ ಮಾರೋರಿಗೆ ಜಾಗ ಖಾಲಿ ಆದರೆ ಸಾಕಾಗಿರುತ್ತೆ. ಚಳಿ ಶುರುವಾದ ಮೇಲೆ ಹೋದರೆ ಹಸಿಯದ್ದಕ್ಕೇ ಒಣಗಿದ್ದರ ಬೆಲೆ. ಮೆದು ಮರ ಸೀಳಿ ಒಟ್ಟಿದರೆ ಆರು ತಿಂಗಳಿಂದ ವರ್ಷ, ಗಟ್ಟಿಯದ್ದಕ್ಕೆ ಒಂದರಿಂದ ಎರಡು ವರ್ಷ. ನಮ್ಮ ಮನೆಯಲ್ಲಿ ಎರಡು ಸಾಲು. ಒಂದು ಈ ಚಳಿಗಾಲದ್ದು, ಇನ್ನೊಂದು ಮುಂದಿನದಕ್ಕೆ. ಮೊದಲ ವರ್ಷ ಒಂದು ಸಲ ಹೆಚ್ಚಿಗೆ ದುಡ್ಡು ಹಾಕಬೇಕು, ಅಲ್ಲಿಂದ ಮುಂದೆ ಯಾವಾಗಲೂ ಹಸಿ ಸೌದೆಯ ಬೆಲೆಗೇ ಒಣ ಸೌದೆ.

ಒಲೆಮುಂದೆ
ಅಕ್ಕ, ನಮ್ಮದು ತೇವದ ಹವೆ. ಗಾಳಿಯೇ ಒದ್ದೆ ಇರುವಾಗ ಸೌದೆ ಒಣಗುತ್ತಾ?

ಗರಗಸ
ಒಣಗಲ್ಲ. ಟಾರ್ಪಾಲು ಸುತ್ತಿ ಬಿಗಿಯಾಗಿ ಕಟ್ಟಿಡಿ, ಇಲ್ಲಾಂದ್ರೆ ಇನ್ನೂ ನೀರು ಹೀರುತ್ತೆ.

ಬೂದಿಬುಟ್ಟಿ
ಅಯ್ಯೋ ಬೇಡ! ಸುತ್ತಲೂ ಟಾರ್ಪಾಲು ಹೊದಿಸಿದರೆ ಒಳಗಿನ ಆವಿ ಹೊರಗೆ ಹೋಗೋದೆಲ್ಲಿ? ಬಿಚ್ಚಿ ನೋಡಿದರೆ ಬಿಳಿ ಬೂಷ್ಟು, ಅಣಬೆ ಎದ್ದಿರುತ್ತೆ. ಮೇಲ್ಗಡೆ ಮಾತ್ರ ಮುಚ್ಚಬೇಕು, ನಾಲ್ಕೂ ಕಡೆ ತೆರೆದಿರಬೇಕು.

ತಕ್ಕಡಿ
ಅಕ್ಕ ಹೇಳಿದ್ದು ಸರಿ. ಒಲೆಮುಂದೆ ಅವರ ಅನುಮಾನಕ್ಕೂ ಉತ್ತರ ಇದೆ. ನೆರಳಿನಲ್ಲಿ, ಮಳೆ ತಾಗದ ಹಾಗೆ ಬಿಟ್ಟ ಮರ ಗಾಳಿಯ ತೇವಕ್ಕೆ ತಕ್ಕ ಮಟ್ಟಕ್ಕೆ ಬಂದು ನಿಲ್ಲುತ್ತೆ. 25 ಡಿಗ್ರಿ ಬಿಸಿಯಲ್ಲಿ ಗಾಳಿಯ ತೇವ 65% ಇದ್ದರೆ ಮರದ್ದು ಸುಮಾರು 12%. ಗಾಳಿಯದ್ದು 80% ಇದ್ದರೂ ಮರದ್ದು ಸುಮಾರು 16%. ಗಾಳಿಯದ್ದು 90%ರ ಹತ್ತಿರ ಸದಾ ಇದ್ದರೆ ಮಾತ್ರ ಮರ 20ರ ಸುತ್ತ ನಿಲ್ಲೋದು. ಅಂದರೆ ಒದ್ದೆ ಹವೆಯಲ್ಲೂ ಸೌದೆ ಒಣಗುತ್ತೆ, ನಿಧಾನ ಅಷ್ಟೆ. ಮಳೆನೀರು ಬೇರೆ, ಗಾಳಿಯ ತೇವ ಬೇರೆ.

ಯಂತ್ರದಲ್ಲಿ ಒಣಗಿಸಿದ್ದಕ್ಕೂ ಇದೇ ನಿಯಮ. ದುಬಾರಿ ಕೊಟ್ಟು 12%ದ್ದು ತಂದು ತೇವದ ಶೆಡ್ಡಿನಲ್ಲಿ ಇಟ್ಟರೆ ಅದು ಮೆಲ್ಲಗೆ ಮೇಲಕ್ಕೇರುತ್ತೆ. ಕೊಟ್ಟ ದುಡ್ಡು ಅಷ್ಟರ ಮಟ್ಟಿಗೆ ಹೋಯ್ತು.

ಗರಗಸ
80ಕ್ಕೆ 16 ಅನ್ನೋದು ಗೊತ್ತಿರಲಿಲ್ಲ. ಸರಿ, ಟಾರ್ಪಾಲಿನ ಮಾತು ವಾಪಸ್ ತಗೊಂಡೆ. ಆದರೆ ಸೀಳಿಯೇ ಒಣಗಿಸಬೇಕು ಅನ್ನೋದು ಮಾತ್ರ ನಾನು ಬಿಡಲ್ಲ. ಜನ ದುಂಡು ಕೊರಡು ಹಾಗೇ ಬಿಟ್ಟು ವರ್ಷಗಟ್ಟಲೆ ಕಾಯ್ತಾರೆ. ತೊಗಟೆ ಇರೋ ಕೊರಡು ಒಳಗೇ ಲಡ್ಡಾಗುತ್ತೆ.

ಸೀಳುಬೆಣೆ
ಅದನ್ನ ಒಪ್ತೀನಿ. ನೀಲಗಿರಿಯನ್ನಂತೂ ಹಸಿ ಇದ್ದಾಗಲೇ ಸೀಳಬೇಕು, ಒಣಗಿದ ಮೇಲೆ ನಾರು ಹೆಣೆದುಕೊಂಡು ಬೆಣೆಯೂ ಇಳಿಯಲ್ಲ. ಒಲೆಯೊಳಗೆ ಹಿಡಿಯೋ ಉದ್ದಕ್ಕಿಂತ ಸ್ವಲ್ಪ ಕಡಿಮೆ ಇರಲಿ, ದಪ್ಪ 8ರಿಂದ 12 ಸೆಂಟಿಮೀಟರ್. ಸೀಳೋವಾಗ ಕೊರಡನ್ನ ಹಳೇ ಟೈರಿನ ನಡುವೆ ನಿಲ್ಲಿಸಿ, ತುಂಡು ಕಾಲಿಗೆ ಹಾರಲ್ಲ, ಬಗ್ಗಿ ಬಗ್ಗಿ ಎತ್ತಿ ನಿಲ್ಲಿಸೋದೂ ತಪ್ಪುತ್ತೆ.

ಕೊಡಲಿಕಾವು
ಟೈರಿನ ಉಪಾಯ ಚೆನ್ನಾಗಿದೆ. ಸೀಳೋಕೆ ಹರಿತವಾದ ತೆಳು ಕೊಡಲಿ ಬೇಡ, ಅದು ನಾರಿನಲ್ಲಿ ಸಿಕ್ಕಿಕೊಳ್ಳುತ್ತೆ. ಹಿಂದೆ ದಪ್ಪ ಇರೋ ಭಾರದ ಕೊಡಲಿ ಬೇಕು. ಕಾವು ಸಡಿಲ ಇದ್ದರೆ ಮುಟ್ಟಲೇಬೇಡಿ.

ಪುಳ್ಳೆ
ವಿಷಯ ಬಿಟ್ಟು ಕೇಳ್ತಿದ್ದೀನಿ, ಸೌದೆ ಒಟ್ಟಿಟ್ಟರೆ ಗೆದ್ದಲು, ಇರುವೆ ಮನೆಗೆ ಬರಲ್ವಾ? ಅಮ್ಮ ಅದಕ್ಕೇ ಬೇಡ ಅಂತಿದ್ದಾರೆ.

ಬೂದಿಬುಟ್ಟಿ
ಅಮ್ಮ ಹೇಳೋದರಲ್ಲಿ ಅರ್ಥ ಇದೆ. ಮನೆ ಗೋಡೆಗೆ ಒರಗಿಸಿ ಒಟ್ಟಬೇಡಿ, ಮಣ್ಣಿನ ಮೇಲೂ ಬೇಡ. ಕೆಳಗೆ ಇಟ್ಟಿಗೆ ಕೊಟ್ಟು ಅದರ ಮೇಲೆ ಒಟ್ಟಿ, ಗಾಳಿ ಅಡಿಯಿಂದಲೂ ಆಡಲಿ. ಒಳಗೆ ಒಂದು ದಿನದ ಸೌದೆ ಮಾತ್ರ ತನ್ನಿ, ಅದೂ ಒಲೆಗೆ ಅಂಟಿಸಿ ಇಡಬೇಡಿ, ಬೆಂಕಿ ಹಿಡಿಯುತ್ತೆ. ಆದಷ್ಟು ಹತ್ತಿರದ ಸೌದೆಯನ್ನೇ ಕೊಳ್ಳಿ. ದೂರದಿಂದ ಬಂದ ಸೌದೆಯ ಜೊತೆ ಅಲ್ಲಿಯ ಮರಕೊರಕ ಹುಳವೂ ಬರುತ್ತೆ, ನಿಮ್ಮ ಮರಗಳಿಗೆ ರೋಗ.

ಹೊಸಬೆಂಕಿ
ಪುಕ್ಕಟೆ ಸಿಗೋದನ್ನ ಯಾರೂ ಹೇಳಲೇ ಇಲ್ಲ! ಸಾಮಾನು ಬಂದ ಮರದ ಪ್ಯಾಲೆಟ್, ಬಡಗಿ ಅಂಗಡಿಯ ಚೂರು, ಹಳೇ ಬಾಗಿಲು, ಸಮುದ್ರ ದಡದ ಕೊರಡು. ನಾನು ಸೌದೆಗೆ ದುಡ್ಡೇ ಕೊಡಲ್ಲ.

ಹೊಗೆಗೂಡು
ಹಳೇ ಬಾಗಿಲು ಬೇಡ ತಮ್ಮಾ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ಕೊಳೆಯದ ಹಾಗೆ ಮದ್ದು ಹಾಕಿದ ಮರದಲ್ಲಿ ಆರ್ಸೆನಿಕ್ ಇರಬಹುದು, ಅದರ ಬೂದಿಯೂ ವಿಷ. ಪ್ಲೈವುಡ್, ಎಂಡಿಎಫ್ ಅನ್ನೋ ಮರದ ನಾರು ಒತ್ತಿ ಮಾಡಿದ ಹಲಗೆಯಲ್ಲಿ ಅಂಟು. ಸಮುದ್ರದ ಕೊರಡಿನ ಉಪ್ಪು ಒಲೆಯ ಕಬ್ಬಿಣ ತಿನ್ನುತ್ತೆ, ಹೊಗೆಯೂ ಕೆಟ್ಟದ್ದು. ಕಣಗಿಲೆ ಗಿಡ ಕಡಿದಿದ್ದರೆ ಅದನ್ನೂ ಒಲೆಗೆ ಹಾಕಬೇಡಿ.

ಅಳತೆಗೋಲು
ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತೆ, ಅದರಲ್ಲಿ ಅಕ್ಷರ ನೋಡಿ. 'ಎಚ್‌ಟಿ' ಅಂದರೆ ಬಿಸಿ ಕೊಟ್ಟು ಹುಳ ಕೊಂದದ್ದು: ಮರದ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. 'ಎಂಬಿ' ಅಂದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದು ಬೇಡ. ಎಚ್‌ಟಿ ಇದ್ದರೂ ಬಣ್ಣ, ಎಣ್ಣೆ ಕಲೆ ಇದ್ದರೆ ಬಿಡಿ.

ಬಡಗಿ ಅಂಗಡಿಯ ಶುದ್ಧ ಮರದ ಚೂರು ಮಾತ್ರ ನಿಜಕ್ಕೂ ಒಳ್ಳೆ ಮಾಲು. ಪೀಠೋಪಕರಣಕ್ಕೆ ಅಂತ ಒಣಗಿಸಿದ ಮರ ಅದು.

ಹೊಸಬೆಂಕಿ
ಮುದ್ರೆಯ ವಿಷಯ ಉಪಯೋಗಕ್ಕೆ ಬಂತು ಸರ್. ಬಡಗಿ ಚೂರು ತೆಳ್ಳಗಿರುತ್ತೆ, ಒಲೆ ತುಂಬ ಹಾಕಿದರೆ ಭಗ್ ಅಂತ ಉರಿದು ಒಲೆ ವಿಪರೀತ ಕಾಯುತ್ತೆ. ನಾನು ಉರಿ ಹಚ್ಚೋಕೆ ಇಟ್ಟುಕೊಂಡಿದ್ದೀನಿ. ಮರದ ಹೊಟ್ಟಿನ ಇಟ್ಟಿಗೆ ಯಾರಾದರೂ ಉರಿಸಿದ್ದೀರಾ?

ಕೊಡಲಿಕಾವು
ಉರಿಸ್ತೀನಿ. ಒತ್ತಿ ಮಾಡಿದ್ದರಲ್ಲಿ ತೇವ 10%ಕ್ಕಿಂತ ಕಡಿಮೆ, ಕಡಿಮೆ ಜಾಗಕ್ಕೆ ಹೆಚ್ಚು ಹಿಡಿಯುತ್ತೆ. ಒಂದು ಹನಿ ನೀರು ತಾಗಿದರೂ ಉಬ್ಬಿ ಹೊಟ್ಟಾಗುತ್ತೆ, ಒಳಗೇ ಇಡಬೇಕು. ಒಲೆಯೊಳಗೂ ಉಬ್ಬುತ್ತೆ, ಅದಕ್ಕೇ ಒಟ್ಟಿಗೆ ತುಂಬಬೇಡಿ.

ಒಲೆಮುಂದೆ
ಎಲ್ಲರಿಗೂ ಧನ್ಯವಾದ. ತಕ್ಕಡಿ ಅವರು ಹೇಳಿದ ಹಾಗೆ ಮೀಟರ್ ತಂದು ಇರೋ ಲೋಡಿನ ತುಂಡು ಸೀಳಿ ನೋಡಿದೆ. ತುದಿಯಲ್ಲಿ 19, ನಡುವೆ 35. ಅವರು ತೋರಿಸಿದ್ದು ತುದಿಯನ್ನೇ. ಈಗ ಈ ರಾಶಿ ಏನು ಮಾಡಲಿ? ಒಣಗಿದ್ದರ ಜೊತೆ ಒಂದೊಂದು ತುಂಡು ಬೆರೆಸಿ ಉರಿಸಬಹುದಾ?

ಅಳತೆಗೋಲು
ಬೇಡ. ಬೆರೆಸಿದರೆ ಉರಿ ಏಳುತ್ತೆ, ಆದರೆ ನೀರು ಎಲ್ಲಿಗೆ ಹೋಗುತ್ತೆ? ಒಣ ಸೌದೆಯ ಶಾಖ ತಿಂದು ಅದೇ ಕೊಳವೆಯಲ್ಲಿ ಹೋಗುತ್ತೆ. ಇನ್ನೊಂದು ಸಲ ಸಣ್ಣಗೆ ಸೀಳಿ ಒಟ್ಟಿ, ಮುಂದಿನ ಚಳಿಗೆ ಒಳ್ಳೆ ಮಾಲಾಗುತ್ತೆ. ಈ ಸಲಕ್ಕೆ ಬೇಕಾದಷ್ಟು ಮಾತ್ರ ಯಂತ್ರದಲ್ಲಿ ಒಣಗಿಸಿದ್ದೋ ಹೊಟ್ಟಿನ ಇಟ್ಟಿಗೆಯೋ ತಗೊಳ್ಳಿ. ದುಬಾರಿ ಹೌದು, ಆದರೆ ಒಂದೇ ವರ್ಷದ ಮಾತು. ವ್ಯಾಪಾರಿಗೆ ಮೀಟರಿನ ಫೋಟೊ ಕಳಿಸಿ ಬೆಲೆ ಇಳಿಸೋಕೂ ಕೇಳಿ.

ಹೊಗೆಗೂಡು
ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ? ಇಲ್ಲದಿದ್ದರೆ ಸೌದೆಗಿಂತ ಮೊದಲು ಅದು.

ಒಲೆಮುಂದೆ
ಅಲಾರಂ ಇದೆ ಅಣ್ಣ. ಕೊಳವೆ ನೋಡೋಕೆ ಜನಕ್ಕೆ ಹೇಳಿದ್ದೀನಿ. ಫೋಟೊ ಕಳಿಸಿದ ಮೇಲೆ ವ್ಯಾಪಾರಿ ಸ್ವಲ್ಪ ದುಡ್ಡು ವಾಪಸ್ ಕೊಡೋಕೆ ಒಪ್ಪಿದರು. ಒಟ್ಟೋ ಜಾಗಕ್ಕೆ ಬಿಸಿಲು ಬೆಳಿಗ್ಗೆ ಮಾತ್ರ ಬೀಳುತ್ತೆ, ಗಾಳಿ ಮಾತ್ರ ಚೆನ್ನಾಗಿದೆ. ಪರವಾಗಿಲ್ವಾ?

ಬೂದಿಬುಟ್ಟಿ
ಗಾಳಿ ಇದ್ದರೆ ಆಯ್ತು. ಕೊಯ್ದ ತುದಿಗಳು ಗಾಳಿ ಬರೋ ಕಡೆಗೆ ಮುಖ ಮಾಡಿರಲಿ, ಒಂದೇ ಸಾಲಿರಲಿ. ಎರಡು ಸಾಲು ಒತ್ತಿ ಒಟ್ಟಿದರೆ ನಡುವಿನದು ಒಣಗಲ್ಲ. ಒಂದು ತುಂಡಿನ ತೂಕ ಬರೆದಿಟ್ಟು ಅದನ್ನ ಆಗಾಗ ತೂಗಿ ನೋಡ್ತಿರಿ.